ಕೂತವರ ಪ್ಯಾಂಟಿನಂಗಡಿ

ಕುರ್ಚಿ ಇದ್ದಕ್ಕಿದ್ದಂತೆ ನೆಲ ಬಿಟ್ಟು ಮೇಲೆದ್ದಿತು.

ಬೊಗ್ನಾಳಿಗೆ ಮೊದಲು ತಿಳಿದದ್ದು ಅಷ್ಟೇ. ಹೊಸ ಅಂಗಡಿಯ ಬಾಗಿಲ ಮೆಟ್ಟಿಲಿಗೆ ಹಲಗೆ ಹಾಸಿ, ಗಾಲಿಗಳನ್ನು ಹೊಂದಿಸಿಕೊಂಡು, ಇನ್ನೇನು ಒಂದೇ ಉಸಿರಿಗೆ ತಳ್ಳಿಕೊಂಡು ಒಳಹೋಗಬೇಕು ಎನ್ನುವಷ್ಟರಲ್ಲಿ ಯಾರೋ ಹಿಂದಿನಿಂದ ಬಂದು, ಅವಳ ಸಮೇತ ಗಾಲಿಕುರ್ಚಿಯನ್ನು ಎತ್ತಿ ಹೊಸ್ತಿಲಿನಾಚೆ ಇಳಿಸಿಬಿಟ್ಟಿದ್ದರು.

ಅವಳ ಮಡಿಲಲ್ಲಿ ಬಟ್ಟೆ ಅಳೆಯುವ ಮರದ ಸ್ಕೇಲಿತ್ತು. ಅವಳು ಹಿಂದೆಮುಂದೆ ನೋಡಲಿಲ್ಲ. ಹಿಡಿಕೆಯ ಮೇಲಿದ್ದ ಕೈಗೆ ಫಟಾರನೆ ಬಾರಿಸಿದಳು.

"ಅಯ್ಯೋ ಅಮ್ಮಾ…"

ಎತ್ತರದ ಆಳು. ಕೆಂಚು ಗಡ್ಡ, ಹೆಗಲಿಗೆ ಚರ್ಮದ ಚೀಲ. ಹೊಡೆತ ತಿಂದ ಬೆರಳುಗಳನ್ನು ಕಂಕುಳಲ್ಲಿ ಒತ್ತಿಕೊಂಡು ನಿಂತಿದ್ದ.

"ನನ್ನ ಕೇಳಿ ಎತ್ತಿದ್ರಾ? ನಿಮ್ಮನ್ನ ಯಾರಾದ್ರೂ ಹಿಂದಿನಿಂದ ಬಂದು, ಸೊಂಟ ಹಿಡಿದು ಎತ್ತಿ, ಟ್ರಾಮ್ ಒಳಗೆ ಹಾಕಿದ್ರೆ ಹೇಗಿರುತ್ತೆ?"

ಅವನು ನಿಜವಾಗಿಯೂ ಒಂದು ಕ್ಷಣ ಯೋಚಿಸಿದ. "ಟ್ರಾಮ್ ನಾನು ಹೋಗ್ಬೇಕಾದ ಕಡೆಗೇ ಹೋಗೋದಾದ್ರೆ…" ಎಂದು ಶುರುಮಾಡಿ, ಅವಳ ಮುಖ ನೋಡಿ ನಿಲ್ಲಿಸಿದ. "ತಪ್ಪಾಯ್ತು ಮೇಡಂ. ನಾನು ಸೆವೆರಿನ್. ಹೊಲಿಗೆ ಮಷೀನ್ ರಿಪೇರಿಯವನು. ನೀವೇ ಫೋನ್ ಮಾಡಿ ಕರೆದಿದ್ರಿ."

ಬೊಗ್ನಾ ಮುಖ ತಿರುಗಿಸಿಕೊಂಡಳು. ಸಿಟ್ಟಿನಿಂದಲ್ಲ, ನಗು ತಡೆಯಲಾರದೆ. ಅದನ್ನು ಮಾತ್ರ ಅವನಿಗೆ ತೋರಗೊಡಲಿಲ್ಲ.

ಪೋಲೆಂಡಿನ ವೂಚ್ ಪಟ್ಟಣದಲ್ಲಿ ಹೊಲಿಗೆ ಗೊತ್ತಿಲ್ಲದ ಮನೆ ಕಡಿಮೆ. ಬೊಗ್ನಾಳ ಅಮ್ಮ ತೆಕ್ಲಾ ನೂಲಿನ ಗಿರಣಿ ಮುಚ್ಚುವ ತನಕ ಅಲ್ಲೇ ದುಡಿದವಳು. ಮಗಳು ಬಟ್ಟೆ ಕತ್ತರಿಸುವುದನ್ನು ಶಾಲೆಯಲ್ಲಿ ಕಲಿತಳು. ಕಲಿಕೆ ಮುಗಿದ ಬೇಸಿಗೆಯಲ್ಲಿ ಅಜ್ಜಿಯ ತೋಟದ ಚೆರ್ರಿ ಮರದಿಂದ ಬಿದ್ದಳು. ಅಂದಿನಿಂದ ಸೊಂಟದ ಕೆಳಗೆ ಅವಳಿಗೆ ಏನೂ ತಿಳಿಯದು.

ಆಮೇಲೆ ಅವಳಿಗೆ ಗೊತ್ತಾದ ಒಂದು ವಿಷಯವಿತ್ತು. ಲೋಕದ ಪ್ಯಾಂಟುಗಳನ್ನೆಲ್ಲ ನಿಂತವರಿಗಾಗಿ ಹೊಲಿದಿರುತ್ತಾರೆ. ದಿನವಿಡೀ ಕೂತರೆ ಹಿಂದೆ ಜಾರುತ್ತದೆ, ಮುಂದೆ ಹೊಟ್ಟೆಯ ಮೇಲೆ ಮುದ್ದೆಯಾಗುತ್ತದೆ. ಹಿಂಜೇಬಿನ ಲೋಹದ ಗುಂಡಿ ಒತ್ತಿ ಗಾಯವಾದರೂ ಅವಳಂಥವರಿಗೆ ನೋವೇ ಗೊತ್ತಾಗುವುದಿಲ್ಲ. ಅವಳು ತನ್ನ ಪ್ಯಾಂಟುಗಳನ್ನೆಲ್ಲ ಬಿಚ್ಚಿ, ಹಿಂದೆ ಎತ್ತರಿಸಿ, ಮುಂದೆ ತಗ್ಗಿಸಿ, ಹಿಂಜೇಬು ಕಿತ್ತು ತೊಡೆಯ ಮೇಲೆ ಜೇಬಿಟ್ಟು ಮತ್ತೆ ಹೊಲಿದಳು. ಫಿಸಿಯೋಥೆರಪಿಗೆ ಬರುವ ಗೆಳತಿಯರು ನಮಗೂ ಬೇಕು ಎಂದರು. ಅಮ್ಮನ ಅಡುಗೆಮನೆಯಲ್ಲಿ ಹಿಟ್ಟು, ದಾರ ಎರಡೂ ಒಂದೇ ಮೇಜಿನ ಮೇಲೆ ಹರಡಿಕೊಂಡವು.

ಸಾಲ ಕೇಳಲು ಹೋದಾಗ ಬ್ಯಾಂಕಿನವರು ಪ್ರಶ್ನೆಗಳನ್ನೆಲ್ಲ ಅವಳ ತಲೆಯ ಮೇಲಿಂದ ಅಮ್ಮನಿಗೇ ಕೇಳಿದ್ದರು. ತೆಕ್ಲಾ ತನಗೆ ಗುಂಡಿ ಹಚ್ಚಲೂ ಬಾರದೆಂದೂ, ಯಜಮಾನಿ ಅಗೋ ಅಲ್ಲಿ ಕೂತಿದ್ದಾಳೆಂದೂ ಹೇಳಿ ಕಿಟಕಿಯ ಹೊರಗೆ ನೋಡತೊಡಗಿದ್ದಳು. ಹಾಗೆ ಸಿಕ್ಕಿದ್ದು ಪಿಯೋತ್ರ್ಕೋವ್ಸ್ಕಾ ಬೀದಿಯ ಹಿಂದಿನ ಅಂಗಳದ ಈ ಅಂಗಡಿ. ಬಾಗಿಲ ಮೇಲೆ ಬೊಗ್ನಾ ತಾನೇ ಹೆಸರು ಬರೆಸಿದಳು: 'ಕೂತೇ ಇರ್ತೀನಿ'.

ಆದರೆ ಹೊಲಿಗೆ ಮಷೀನಿಗೆ ಕಾಲಿನ ಪೆಡಲು ಬೇಕಲ್ಲ! ಇಷ್ಟು ದಿನ ಅಮ್ಮ ಕೆಳಗೆ ಕೂತು ಕೈಯಿಂದ ಒತ್ತುತ್ತಿದ್ದಳು. ವ್ಯಾಪಾರ ಬೆಳೆಯಬೇಕೆಂದರೆ ಅದು ಸಾಧ್ಯವಿರಲಿಲ್ಲ. ಮೊಣಕೈಯಿಂದ ಒತ್ತುವ ಒಂದು ಸನ್ನೆಕೋಲು ಬೇಕೆಂದು ಬೊಗ್ನಾ ಚಿತ್ರ ಬರೆದು ತೋರಿಸಿದಳು.

ಸೆವೆರಿನ್ ಮಾಡಿ ತಂದ ಮೊದಲನೆಯದು ತೀರ ಬಿಗಿ. ಎರಡನೆಯದು ಮುಟ್ಟಿದರೆ ಸಾಕು, ಮಷೀನು ಕುದುರೆಯಂತೆ ಓಡಿ ಅವಳ ಅಂಗಿಯ ತೋಳನ್ನೇ ಹೊಲಿದುಹಾಕಿತು. ಅವಳು ಬೈದಳು. ಅವನು ತೋಳು ಬಿಡಿಸುತ್ತಾ ನಗುತ್ತಿದ್ದ. ಮೂರನೆಯದನ್ನು ಇಬ್ಬರೂ ಒಟ್ಟಿಗೆ ಕೂತು, ಜಗಳವಾಡುತ್ತಲೇ ತಿದ್ದಿದರು.

ಅದು ಕೆಲಸ ಮಾಡಿತು. ನೇರವಾದ, ಉದ್ದನೆಯ, ಚೆಂದದ ಹೊಲಿಗೆ. ಬೊಗ್ನಾ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಅವನು ಬಟ್ಟೆಯನ್ನು ನೋಡಲಿಲ್ಲ, ಅವಳನ್ನು ನೋಡಿದ.

ಕೆಲಸ ಮುಗಿದರೂ ಅವನ ಬರವು ನಿಲ್ಲಲಿಲ್ಲ. ಎಣ್ಣೆ ಹಾಕಬೇಕು ಎನ್ನುವನು, ಸೂಜಿ ಬದಲಿಸಬೇಕು ಎನ್ನುವನು. ಒಂದು ದಿನ ಅವಳ ಹಳೆಯ ಗಾಲಿಕುರ್ಚಿಯನ್ನು ಕೇಳಿ ಪಡೆದು, ತನ್ನ ಮಾಮೂಲಿ ಜೀನ್ಸಿನಲ್ಲೇ ಬೆಳಗಿನಿಂದ ಅದರಲ್ಲಿ ಕೂತ.

"ಏನನ್ನಿಸ್ತಿದೆ?" ಮಧ್ಯಾಹ್ನ ಅವಳು ಕೇಳಿದಳು.

"ಬೆನ್ನ ಹಿಂದೆ ತಣ್ಣಗೆ ಗಾಳಿ ಹೊಡೀತಿದೆ. ಜನ ಬೇರೆ ನೋಡ್ತಿದಾರೆ. ದಯವಿಟ್ಟು ಒಂದು ಪ್ಯಾಂಟ್ ಹೊಲಿದು ಕೊಡು."

ಅವನು 'ಕೊಡಿ' ಎನ್ನುವ ಬದಲು 'ಕೊಡು' ಎಂದಿದ್ದ. ಇಬ್ಬರಿಗೂ ಅದು ಕೇಳಿಸಿತ್ತು. ಇಬ್ಬರೂ ಕೇಳಿಸದವರಂತೆ ಕೆಲಸ ಮುಂದುವರಿಸಿದರು… ಆದರೆ ಬೊಗ್ನಾಳ ಕಿವಿ ಕೆಂಪಾಗಿತ್ತು.

ಒಂದು ಕೊರಗು ಮಾತ್ರ ಅವಳನ್ನು ಬಿಡಲಿಲ್ಲ. ಕೊಳ್ಳುವವರೆಲ್ಲ ಗೊತ್ತಿದ್ದವರೇ. ಗುರುತಿಲ್ಲದ ಒಬ್ಬರು, ಅವಳ ಮುಖ ನೋಡದೆ, ಪ್ಯಾಂಟು ಬೇಕೆಂದೇ ಬಂದು ಕೊಳ್ಳುವುದು ಯಾವಾಗ?

ಚಳಿಗಾಲ ಮುಗಿಯುವ ಹೊತ್ತಿಗೆ ಆ ಫೋನೂ ಬಂತು. ಅಪೋಲೋನ್ಯಾ ಎಂಬ ಹೆಂಗಸು ಎಂಟು ಜನ ಗಂಡಸರಿಗೆ ಕಪ್ಪು ಪ್ಯಾಂಟು ಬೇಕೆಂದಳು. ಎಲ್ಲರೂ ಗಾಲಿಕುರ್ಚಿಯವರು. ಅಳತೆಗಳನ್ನು ಹೇಳಿದಳು, ಹಣ ಮೊದಲೇ ಕಳಿಸಿದಳು. ಬೊಗ್ನಾ ಫೋನಿಟ್ಟು ಅಂಗಡಿಯಲ್ಲೇ ಕುರ್ಚಿಯನ್ನು ಗರಗರನೆ ಎರಡು ಸುತ್ತು ತಿರುಗಿಸಿದಳು. ಅದೇ ಧೈರ್ಯದ ಮೇಲೆ ಪಕ್ಕದ ಕೋಣೆಯನ್ನೂ ಬಾಡಿಗೆಗೆ ಹಿಡಿದಳು. ಪಾರ್ಸೆಲುಗಳ ಮೇಲೆ ಅಂಗಡಿಯ ಹೆಸರನ್ನು ತನ್ನ ಕೈಯಾರೆ ಬರೆದು ಕಳಿಸಿದಳು.

ಆ ಸಂತೋಷಕ್ಕೆ ಅಮ್ಮನಿಂದ ಗಸಗಸೆ ಕೇಕು ಮಾಡಿಸಿಕೊಂಡು, ಹೇಳದೆ ಕೇಳದೆ ಸೆವೆರಿನ್‌ನ ವರ್ಕ್‌ಶಾಪಿಗೆ ಹೋದಳು. ಅಲ್ಲಿಗೆ ಅವಳು ಹೋದದ್ದು ಅದೇ ಮೊದಲು.

ಅವನು ಓಡಿಬಂದು ಬಾಗಿಲು ಹಿಡಿದ. ಅವಳು ನಗುತ್ತಾ ಒಳಬಂದಳು. ಗೋಡೆಯ ಕಪಾಟಿನತ್ತ ನೋಡಿದಳು. ನಗು ಅಲ್ಲೇ ನಿಂತಿತು.

ಕಂದು ಕಾಗದದ ಎಂಟು ಪಾರ್ಸೆಲುಗಳು. ಮೇಲೆ ಅವಳದೇ ಕೈಬರಹ. ಒಂದನ್ನೂ ಬಿಚ್ಚಿರಲಿಲ್ಲ.

"ಇದು ಇಲ್ಲಿ ಹೇಗೆ ಬಂತು?"

ಸೆವೆರಿನ್ ತಡವರಿಸಿದ. "ಅದು… ನಾನು ಹೇಳಿದ್ದಕ್ಕೇ ತರಿಸಿದ್ದು. ಆದ್ರೆ ನೀನು ಅಂದ್ಕೊಂಡ ಹಾಗೆ…"

"ಎಂಟು ಪ್ಯಾಂಟ್. ಒಂದನ್ನೂ ಬಿಚ್ಚಿಲ್ಲ." ಅವಳ ಧ್ವನಿ ತೀರ ಮೆಲ್ಲಗಿತ್ತು. "ಪಾಪದ ಹುಡುಗಿ, ವ್ಯಾಪಾರ ಆಗ್ತಿಲ್ಲ, ನಾನೇ ಕೊಂಡುಬಿಡೋಣ ಅಂತ ತಾನೇ?"

"ಬೊಗ್ನಾ, ಒಂದು ನಿಮಿಷ ಕೇಳು."

"ಮೊದಲ ದಿನ ಕುರ್ಚಿ ಎತ್ತಿದ್ರಿ. ಈಗ ಅಂಗಡೀನೇ ಎತ್ತಿದೀರಿ."

ಮತ್ತೆ 'ನೀವು' ಆಗಿತ್ತು. ಅವನಿಗೆ ಸ್ಕೇಲಿನ ಹೊಡೆತಕ್ಕಿಂತ ಅದೇ ಹೆಚ್ಚು ನೋಯಿಸಿತು. ಕೇಕಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಅವಳು ಹೊರಟುಹೋದಳು.

ಅವನು ಅಂಗಡಿಗೆ ಬಂದ, ಅವಳು ಬಾಗಿಲು ತೆರೆಯಲಿಲ್ಲ. ಫೋನು ಮಾಡಿದ, ಎತ್ತಲಿಲ್ಲ. ನಂಬಿದ ಗೆಲುವೇ ಸುಳ್ಳಾಯಿತಲ್ಲ ಎಂಬುದು ಒಂದು ಸಂಕಟ. ಸುಳ್ಳು ಹೇಳಿದವನು ಅವನೇ ಆದದ್ದು ಇನ್ನೊಂದು. 'ಹಾಗಾದ್ರೆ ನನ್ನನ್ನ ನೋಡಿದಾಗೆಲ್ಲ ಅವನ ಕಣ್ಣಲ್ಲಿ ಇದ್ದದ್ದು ಬರೀ ಅಯ್ಯೋ ಪಾಪಾನಾ…?'

ತೆಕ್ಲಾ ಮಗಳ ಮುಂದೆ ಬೀಟ್‌ರೂಟ್ ಸಾರು ಇಟ್ಟು, ಅವನ ಮಾತನ್ನು ಪೂರ್ತಿ ಕೇಳಿದೆಯಾ ಎಂದು ವಿಚಾರಿಸಿದಳು. ಕೇಳುವುದಕ್ಕೆ ಏನಿದೆ ಎಂದು ಮಗಳು ಗೊಣಗಿದಳು. ನಿನ್ನ ಅಪ್ಪನೂ ಹೀಗೇ, ಅರ್ಧ ಕೇಳಿ ಪೂರ್ತಿ ಸಿಟ್ಟಾಗುತ್ತಿದ್ದರು ಎಂದು ತೆಕ್ಲಾ ಸಾರಿಗೆ ಇನ್ನಷ್ಟು ಕೆನೆ ಹಾಕಿದಳು.

ಪಕ್ಕದ ಕೋಣೆಯನ್ನು ಬಿಟ್ಟುಬಿಡುವುದೆಂದು ಬೊಗ್ನಾ ತೀರ್ಮಾನಿಸಿದ ವಾರವೇ ಅಂಗಡಿಯ ಗಂಟೆ ಜೋರಾಗಿ ಮೊಳಗಿತು.

ಒಬ್ಬ ಮುದುಕ ಗಾಲಿಕುರ್ಚಿಯಲ್ಲಿ ಭರ್ರೆಂದು ಒಳನುಗ್ಗಿದ. ಬಿಳಿ ಮೀಸೆಯನ್ನು ನೆಟ್ಟಗೆ ತಿರುವಿದ್ದ. ಹಿಂದೆ ತೆಳ್ಳನೆಯ ಹೆಂಗಸು, ಅವನ ಹೆಂಡತಿ. ಅವನ ಮೈಮೇಲಿದ್ದ ಕಪ್ಪು ಪ್ಯಾಂಟನ್ನು ಬೊಗ್ನಾ ನೋಡಿದ ಕೂಡಲೇ ಗುರುತಿಸಿದಳು.

"ಇದನ್ನ ಹೊಲಿದ ಹುಡುಗಿ ನೀನೇನಾ?" ಅವನು ಗುಡುಗಿದ. "ನೋಡಿಲ್ಲಿ. ಎಡಕ್ಕೆ ತಿರುಗುವಾಗ ಮೊಣಕಾಲಲ್ಲಿ ಹಿಡಿಯುತ್ತೆ. ಜೇಬಲ್ಲಿ ಮೊಬೈಲ್ ನಿಲ್ಲಲ್ಲ. ವಾಲ್ಟ್ಜ್ ಅರ್ಧ ಆಗಿದೆ, ನನ್ನ ಮೊಬೈಲ್ ಹಾಲ್ ತುಂಬ ತಾನೇ ಕುಣೀತಾ ಹೋಯ್ತು. ಎಂಟು ಜನ ಇದೀವಿ, ಎಂಟೂ ಜನರದ್ದು ದೂರಿದೆ."

ಬೊಗ್ನಾ ಮುಂದಕ್ಕೆ ಬಾಗಿ ಆ ಮೊಣಕಾಲನ್ನು ನೋಡಿದಳು. "ನೀವು… ಇದನ್ನ ಹಾಕ್ಕೊಂಡು ಡಾನ್ಸ್ ಮಾಡಿದ್ರಾ?"

"ಮತ್ತೇನು, ಗೋಡೆಗೆ ನೇತು ಹಾಕ್ಬೇಕಿತ್ತಾ?"

ಹೆಂಗಸು ನಕ್ಕು ಪರಿಚಯ ಹೇಳಿದಳು. ಫೋನು ಮಾಡಿದ ಅಪೋಲೋನ್ಯಾ ಅವಳೇ. ಗಂಡ ಲುದ್ವಿಕ್ ಹಿಂದೆ ಟ್ರಾಮ್ ಓಡಿಸುತ್ತಿದ್ದವನು, ಈಗ ಗಾಲಿಕುರ್ಚಿಯವರ ನೃತ್ಯ ಕ್ಲಬ್ಬಿನ ಮುಖ್ಯಸ್ಥ. ಕ್ಲಬ್ಬಿನ ವಾರ್ಷಿಕ ನೃತ್ಯ ಸಂಜೆಗೆಂದು ಪ್ಯಾಂಟು ಹೊಲಿಸಿದ್ದರು. ಮೊದಲೇ ಹಂಚಿದರೆ ಎಲ್ಲರೂ ಅದರ ಮೇಲೆ ಸಾರು ಚೆಲ್ಲಿಕೊಳ್ಳುತ್ತಾರೆಂದು ಆ ದಿನದವರೆಗೂ ಪಾರ್ಸೆಲುಗಳನ್ನು ಸೆವೆರಿನ್‌ನ ಕಪಾಟಿನಲ್ಲಿಡಿಸಿದ್ದರು. ಕ್ಲಬ್ಬಿನವರ ಕುರ್ಚಿಗಳನ್ನೆಲ್ಲ ನೋಡಿಕೊಳ್ಳುವವನು ಅವನೇ.

"ದುಡ್ಡು… ಅವನು ಕೊಟ್ಟಿದ್ದಲ್ವಾ?" ಬೊಗ್ನಾ ಕೇಳಿದಳು.

ಲುದ್ವಿಕ್‌ನ ಮೀಸೆ ನಡುಗಿತು. "ಅವನಾ? ನಮ್ಮಲ್ಲಿ ಕುಡಿದ ಚಹಾಕ್ಕೇ ಇನ್ನೂ ದುಡ್ಡು ಕೊಟ್ಟಿಲ್ಲ. ಇಂಥ ಅಂಗಡಿ ಒಂದಿದೆ, ಚೆನ್ನಾಗಿ ಹೊಲೀತಾಳೆ ಅಂದ, ಅಷ್ಟೇ. ನನ್ನ ಹೆಸರು ಹೇಳ್ಬೇಡಿ, ಗೊತ್ತಾದ್ರೆ ಕೈ ಮುರೀತಾಳೆ ಅಂದ. ಅದು ಬಿಡು. ಪೊಜ್ನಾನ್ ಊರಿನ ಕ್ಲಬ್ಬಿನವರು ನಮ್ಮ ಪ್ಯಾಂಟ್ ನೋಡಿ ಎಲ್ಲಿ ಹೊಲಿಸಿದ್ದು ಅಂತ ಪ್ರಾಣ ತಿಂತಿದಾರೆ. ಮೊದಲು ಮೊಣಕಾಲು ಸರಿ ಮಾಡು, ಆಮೇಲೆ ನಿನ್ನ ನಂಬರ್ ಕೊಡ್ತೀನಿ."

ಬೊಗ್ನಾಳ ಕಣ್ಣಲ್ಲಿ ನೀರು ತುಂಬಿತು. ಪಾಪ ಎಂದು ಕೊಂಡವರು ಇಷ್ಟು ಬೈಯುತ್ತಾರೆಯೇ? ಇಂಥ ಸೊಗಸಾದ ಬೈಗುಳವನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳು ನಗುತ್ತಾ, ಮೂಗೊರೆಸಿಕೊಳ್ಳುತ್ತಾ ಟೇಪು ತೆಗೆದು ಅಳತೆಗೆ ಬಾಗಿದಳು. ಅಳುವುದಕ್ಕೇನಿದೆ, ಹೊಲಿಗೆ ಬಿಚ್ಚಿದರಾಯಿತು ಎಂದು ಲುದ್ವಿಕ್ ಗಾಬರಿಯಾದ.

ಕೋಣೆಯನ್ನು ಬಿಡುವ ಮಾತು ಅಲ್ಲಿಗೇ ಮುಗಿಯಿತು. ಎಂಟೂ ಪ್ಯಾಂಟುಗಳ ಮೊಣಕಾಲಿಗೆ ಮಡಿಕೆ ಕೊಟ್ಟು, ಜೇಬಿಗೆ ಜಿಪ್ ಹಚ್ಚಿ, ಬೊಗ್ನಾ ತಾನೇ ಕ್ಲಬ್ಬಿನ ಹಾಲಿಗೆ ಒಯ್ದಳು.

ಒಳಗೆ ಅಕಾರ್ಡಿಯನ್ ನುಡಿಯುತ್ತಿತ್ತು. ಜೋಡಿಗಳು ಸುತ್ತುತ್ತಿದ್ದವು, ಕೆಲವರು ನಿಂತು, ಕೆಲವರು ಕೂತು. ಒಂದು ಮೂಲೆಯಲ್ಲಿ ಮಗುಚಿಟ್ಟ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಸೆವೆರಿನ್ ಗಾಲಿ ಬಿಗಿಮಾಡುತ್ತಿದ್ದ. ಅವಳನ್ನು ಕಂಡು ಸ್ಪ್ಯಾನರು ಕೈಬಿಟ್ಟ.

ಬೊಗ್ನಾ ನೇರ ಅವನ ಮುಂದೆ ಬಂದು ಕುರ್ಚಿ ನಿಲ್ಲಿಸಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ.

"ನಿನಗೆ ಪೂರ್ತಿ ಹೇಳೋಕೆ ಬಿಡ್ಲಿಲ್ಲ ನಾನು," ಎಂದಳು. "ತಪ್ಪು ನನ್ನದು. ಆದ್ರೆ ಮುಚ್ಚಿಟ್ಟಿದ್ದು ನಿನ್ನ ತಪ್ಪು."

"ಹೌದು. ಮೊದಲೇ ಹೇಳ್ಬೇಕಿತ್ತು. ನಾನು ಹೇಳಿ ಬಂದವರು ಅಂತ ಗೊತ್ತಾದ್ರೆ ನೀನು ಆರ್ಡರ್ ತಗೊಳ್ತಿರ್ಲಿಲ್ಲ ಅಂತ ಹೆದರಿದೆ."

"ತಗೊಳ್ತಿರ್ಲಿಲ್ಲ," ಅವಳು ಒಪ್ಪಿಕೊಂಡಳು. "ಎಂಥ ಪೆದ್ದಿ ಆಗ್ತಿದ್ದೆ."

ಅವನು ಮೆಲ್ಲಗೆ ನಕ್ಕ. ಎಷ್ಟೋ ದಿನದ ಮೇಲೆ ಆ ನಗುವನ್ನು ನೋಡಿ ಅವಳ ಎದೆ ಹಗುರಾಯಿತು.

"ಸೆವೆರಿನ್, ನನ್ನ ನೋಡಿದ್ರೆ ನಿನಗೆ ಪಾಪ ಅನ್ಸುತ್ತಾ?"

"ಭಯ ಅನ್ಸುತ್ತೆ," ಎಂದ. ಆಮೇಲೆ ತಮಾಷೆ ಬಿಟ್ಟು, ನೆಲದಿಂದ ಏಳದೆಯೇ ಅವಳ ಕೈ ಹಿಡಿದ. "ಬೆಳಿಗ್ಗೆ ಎದ್ದ ಕೂಡ್ಲೇ ನಿನ್ನ ಹತ್ರ ಹೇಳೋಕೆ ಏನೋ ಒಂದು ಇರುತ್ತೆ. ನೀನು ಮಾತು ಬಿಟ್ಟ ಮೇಲೆ ಅದನ್ನೆಲ್ಲ ಯಾರಿಗೆ ಹೇಳ್ಬೇಕೋ ಗೊತ್ತಾಗ್ತಿರ್ಲಿಲ್ಲ. ಲುದ್ವಿಕ್‌ಗೆ ಹೇಳ್ದೆ. ಅವನು ಬೈದ."

ಬೊಗ್ನಾ ಕೈ ಬಿಡಿಸಿಕೊಳ್ಳಲಿಲ್ಲ. "ನನಗೂ ಹಾಗೇ ಆಗಿತ್ತು," ಎಂದಳು. "ನೀನಂದ್ರೆ ನನಗೆ ಪ್ರೀತಿ. ಸಿಟ್ಟು ಬಂದಾಗಲೂ ಇತ್ತು. ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು."

ಆಚೆ ಲುದ್ವಿಕ್ ಹೊಸ ಮೊಣಕಾಲಿನ ಪ್ಯಾಂಟು ತೊಟ್ಟು ಬಂದು, ಎಡಕ್ಕೆ ರಪ್ಪನೆ ತಿರುಗಿ, ಈಗ ಪರವಾಗಿಲ್ಲ ಎಂದು ಇಡೀ ಹಾಲಿಗೆ ಸಾರಿದ.

"ಒಂದು ವಿಷಯ ಇದೆ," ಸೆವೆರಿನ್ ಗಡ್ಡ ಕೆರೆದುಕೊಂಡ. "ಇದನ್ನ ಮುಚ್ಚಿಡಲ್ಲ. ನಾನಿರೋದು ನಾಲ್ಕನೇ ಮಹಡೀಲಿ. ಲಿಫ್ಟ್ ಇಲ್ಲ. ಅದಕ್ಕೇ ನೆಲಮಹಡಿ ಮನೆ ಹುಡುಕ್ತಾ ಇದೀನಿ."

"ಯಾವಾಗಿಂದ?"

"ನೀನು ಕೇಕ್ ವಾಪಸ್ ತಗೊಂಡು ಹೋದ ವಾರದಿಂದ."

"ಆಗ ನಾವು ಮಾತೇ ಆಡ್ತಿರ್ಲಿಲ್ವಲ್ಲೋ!"

"ಅದಕ್ಕೇ. ಸಂಜೆ ಹೊತ್ತು ಬೇರೆ ಕೆಲಸ ಇರ್ಲಿಲ್ಲ."

ಬೊಗ್ನಾ ಅವನ ಕೆಂಚು ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಅಕಾರ್ಡಿಯನ್ ಹೊಸ ಹಾಡು ಹಿಡಿದಿತ್ತು.

"ಅಡುಗೆಮನೆ ಅಗಲವಾಗಿರ್ಲಿ," ಅವನ ಕಿವಿಯಲ್ಲಿ ಹೇಳಿದಳು. "ಇಬ್ಬರೂ ಒಟ್ಟಿಗೆ ಓಡಾಡ್ಬೇಕು."

"ನಾಳೆ ಒಂದು ಮನೆ ನೋಡೋದಿದೆ. ಬರ್ತೀಯಾ?"

"ಎಷ್ಟು ಗಂಟೆಗೆ?"