ಇಂಜಿನ್ನಿಗೆ ಹಾಕಿದ ಕಲಾಯಿ

ಆರಿಫಾ ಡೈರಿಯಲ್ಲಿ ಬರೆದಳು: ‘ಇವತ್ತು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿಬಿಟ್ಟೆ. ಅವರಿಗೆ ಗೊತ್ತಾದರೆ ನಗುತ್ತಾರೆ. ಗೊತ್ತಾಗದೇ ಹೋದರೆ? ಅದು ಇನ್ನೂ ಕಷ್ಟ.’

‘ಅವರು’ ಅಂದರೆ ಮುಶರಫ. ಡೈರಿಯಲ್ಲೂ ಆ ಹೆಸರನ್ನು ಪೂರ್ತಿ ಬರೆಯುವ ಧೈರ್ಯ ಅವಳಿಗಿರಲಿಲ್ಲ. ಬಿ.ಎ. ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗಿ, ಎದುರಿಗೆ ಜನ ಬಂದರೆ ನಾಲಿಗೆ ಎಲ್ಲಿಟ್ಟಿದ್ದೇನೆಂದು ಹುಡುಕುತ್ತಿದ್ದಳು.

ವಡಾಲ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಅವಳ ಅಬ್ಬಾ ಮಕ್ತುಮಸಾಬರ ಅಂಗಡಿ. ತಾಮ್ರ, ಹಿತ್ತಾಳೆಯ ಪಾತ್ರೆಗಳ ಒಳಮೈಗೆ ತವರ ಸವರಿ ಕಲಾಯಿ ಹಾಕುವುದು, ಬಿರುಕು ಬಿಟ್ಟದ್ದನ್ನು ಬೆಸೆಯುವುದು ಅವರ ಕಸುಬು. ಹಿಂದೆಯೇ ಮನೆ. ಎಂಟು ತಿಂಗಳ ಹಿಂದೆ ಮುಶರಫ ಒಂದು ರಟ್ಟಿನ ಡಬ್ಬಿ ಅಪ್ಪಿಕೊಂಡು ಆ ಅಂಗಡಿಯ ಮೆಟ್ಟಿಲು ಹತ್ತಿದ್ದ. ಡಬ್ಬಿಯೊಳಗೆ ಒಂದು ರೈಲ್ವೆ ಇಂಜಿನ್, ಬಿಡಿಬಿಡಿಯಾಗಿ. ಗೇಣುದ್ದದ ತಾಮ್ರದ ಬಾಯ್ಲರ್, ಬೆರಳಿನಷ್ಟು ದಪ್ಪದ ಪಿಸ್ಟನ್ನು, ಸಾಸಿವೆ ಕಾಳಿನಂಥ ಸ್ಕ್ರೂಗಳು.

“ಆಟಗಿ ಸಾಮಾನೇನಪಾ?” ಮಕ್ತುಮಸಾಬರು ಕನ್ನಡಕ ಏರಿಸಿದರು.

“ಆಟದ್ದಲ್ಲ ಚಾಚಾ, ಖರೇ ಇಂಜಿನ್. ಕೆಳಗ ಸ್ಪಿರಿಟ್ ದೀಪ ಹಚ್ಚಿ ನೀರು ಕುದಿಸಿದ್ರ, ಉಗಿ ಮ್ಯಾಲೇ ಓಡ್ತದ.”

ಮುಶರಫ ಬೊರಿವಲಿಯಲ್ಲಿರುವ ಲಿಫ್ಟ್ ಮೆಕ್ಯಾನಿಕ್. ಅವನು ಲಿಫ್ಟ್ ನೋಡಿಕೊಳ್ಳುವ ಒಂದು ಬಿಲ್ಡಿಂಗಿನಲ್ಲಿ ಸಿದ್ದರಾಮಪ್ಪ ಎಂಬ ಹಿರಿಯರಿದ್ದರು. “ನನ್ನ ಕೈ ನಡಗತಾವ ತಮ್ಮಾ. ನೀ ಕಟ್ಟು. ಎಂಬತ್ತನೇ ಬರ್ತ್‌ಡೇ ದಿನ ಟೆರೇಸಿನ ಮ್ಯಾಲ ಓಡಿಸಿ ತೋರಸು” ಎಂದು ಆ ಬಿಡಿಭಾಗಗಳ ಕಿಟ್ಟನ್ನು ಅವನ ಕೈಗಿಟ್ಟಿದ್ದರು.

ಅಂದಿನಿಂದ ಪ್ರತಿ ಭಾನುವಾರ ಅವನು ಬಾಂದ್ರಾದಲ್ಲಿ ಲೋಕಲ್ ಬದಲಿಸಿ ವಡಾಲಕ್ಕೆ ಬರುತ್ತಿದ್ದ.

“ಬೊರಿವಲಿಯೊಳಗ ಬೆಸುಗಿ ಹಾಕವ್ರ ಯಾರೂ ಇಲ್ಲೇನವಾ?” ಅಮ್ಮಿ ಚಾಂದಬಿ ಅಡುಗೆಮನೆಯಿಂದಲೇ ಕೇಳುವಳು. ಆರಿಫಾ ಕೇಳಿಸದವಳಂತೆ ಇನ್ನೂ ಜೋರಾಗಿ ಪಾತ್ರೆ ತಿಕ್ಕುವಳು.

ಬಾಯ್ಲರಿನ ಬೆಸುಗೆಯನ್ನು ಅಬ್ಬಾರಿಂದ ಕಲಿತು ಅವನೇ ಹಾಕಿದ. ಉಳಿದಂತೆ ಮಾತೆಲ್ಲ ಅವನದು, ನಾಜೂಕಿನ ಕೆಲಸ ಅವಳದು. ಕಿಟ್ಟಿನ ಇಂಜಿನ್ನಿಗೆ ವಿಲಾಯತಿ ಮೋರೆಯಿತ್ತು. ಅದನ್ನು ನಮ್ಮ ಕಡೆಯ ಇಂಜಿನ್ ಮಾಡಬೇಕೆಂದು ಅವನ ಹಟ. ಹಳಿಯ ಮೇಲಿನ ದನ ಸರಿಸುವ ಜಾಲರಿಯನ್ನು ಆರಿಫಾ ಹಿತ್ತಾಳೆ ತಂತಿ ಬಗ್ಗಿಸಿ ಕಟ್ಟಿದಳು. ಕಣ್ಣಿಗೆ ಹಚ್ಚುವ ಸುರಮಾ ಡಬ್ಬಿಯ ಮುಚ್ಚಳದಿಂದ ಮುಂದಿನ ದೀಪ ಮಾಡಿದಳು. ಪ್ರತಿ ಸಲವೂ ಅವನು ಮೊದಲು ಆ ಭಾಗವನ್ನು ನೋಡುವನು, ಆಮೇಲೆ ಅವಳ ಬೆರಳುಗಳನ್ನು, ಆಮೇಲೆ, ಅವಳು ತಲೆ ತಗ್ಗಿಸಿದ್ದಾಳೆಂದು ಖಾತ್ರಿಯಾದ ಮೇಲೆ, ಅವಳನ್ನು. ಎದುರಿಗಿದ್ದ ಹೊಸ ಕಲಾಯಿಯ ತಾಟಿನಲ್ಲಿ ಅವಳಿಗೆ ಎಲ್ಲವೂ ಕಾಣುತ್ತಿತ್ತು. ಆ ತಾಟು ಎಂಥ ಚಾಡಿಕೋರ ಎಂದು ಪಾಪ ಅವನಿಗೆ ತಿಳಿಯದು.

ಒಮ್ಮೆ ಅಬ್ಬಾ ಎರಡು ಹಂಡೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಕೂತಿದ್ದಾಗ ಮುಶರಫ ಕೇಳಿದ: “ಚಾಚಾ, ಅದಕ್ಕ ಒಂದ ಸಲ ಕಲಾಯಿ, ಇದಕ್ಕ ಎರಡ ಸಲ. ಯಾಕ?”

“ಅದು ಗಿರಾಕಿದು. ಇದು ಮನೀದು. ನಮ್ಮವ್ರ ಪಾತ್ರಿಗಷ್ಟ ಎರಡ ಸಲ. ನಮ್ಮಪ್ಪನ ಕಾಲದಿಂದ ಹಂಗs.”

ಹಿಂದಿನ ಭಾನುವಾರ ಮುಶರಫ ಇಂಜಿನ್ನನ್ನು ಅಂಗಡಿಯಲ್ಲೇ ಬಿಟ್ಟುಹೋಗಿದ್ದ. ಶನಿವಾರ ಆರಿಫಾ ಅದರ ಫೈರ್‌ಬಾಕ್ಸ್ ಬಿಚ್ಚಿ ಕೈಗೆತ್ತಿಕೊಂಡಳು. ಬಾಯ್ಲರಿನ ಕೆಳಗೆ, ದೀಪ ಉರಿಯುವ ಸ್ಥಳದಲ್ಲಿ ಕೂರುವ ಹಿತ್ತಾಳೆಯ ಪೆಟ್ಟಿಗೆ ಅದು. ಕಲಾಯಿಗಾರನ ಮಗಳಿಗೆ ಬೋಳು ಹಿತ್ತಾಳೆಯ ಒಳಮೈ ಕಂಡರೆ ಕೈ ಸುಮ್ಮನಿರುತ್ತದೆಯೇ? ಬಿಸಿ ಮಾಡಿದಳು, ಕೊಳೆ ಬಿಡಿಸುವ ನವಸಾಗರದ ಪುಡಿ ಉದುರಿಸಿದಳು, ತವರ ತಾಕಿಸಿ ಹತ್ತಿಯಿಂದ ಒರೆಸಿದಳು. ಬೆಳ್ಳಿಯಂತೆ ಹೊಳೆಯಿತು. ಆಮೇಲೆ ಅದನ್ನು ಇಂಜಿನ್ನಿಗೆ ಕೂರಿಸಿ ನಾಲ್ಕೂ ಸ್ಕ್ರೂ ಬಿಗಿದು, ಡೈರಿ ತೆರೆದಳು.

ಮರುದಿನ ಭಾನುವಾರ ಅಬ್ಬಾ ಹಂಡೆಗಳನ್ನು ತಲುಪಿಸಲು ಹೋಗಿದ್ದರು. ಬರ್ತ್‌ಡೇಗೆ ಇನ್ನು ನಾಲ್ಕೇ ದಿನ. ಮುಶರಫ ನೀರು ತುಂಬಿದ, ದೀಪ ಹಚ್ಚಿದ. ಪುಟ್ಟ ಮೀಟರಿನ ಮುಳ್ಳು ಅಲುಗಿತು.

“ಬಿಸ್ಮಿಲ್ಲಾ,” ಎಂದು ಹಿಡಿಕೆ ತಿರುಗಿಸಿದ.

ಗಾಲಿ ಅರ್ಧ ಸುತ್ತು ತಿರುಗಿತು. ‘ಚುಸ್ಸ್’ ಎಂದು ದೀಪ ಆರಿತು. ಮತ್ತೆ ಹಚ್ಚಿದ, ಮತ್ತೆ ಆರಿತು. ಮೂರನೆಯ ಸಲ ದೀಪವನ್ನೇ ಹೊರಗೆಳೆದು ನೋಡಿದರೆ, ಬತ್ತಿಯ ಮೇಲೆ ಬೆಳ್ಳಗಿನ ಗುಂಡುಗಳು ಮುತ್ತಿನಂತೆ ಹೆಪ್ಪುಗಟ್ಟಿದ್ದವು.

ಅದು ತಾನು ಸವರಿದ ತವರವೆಂದು ಆರಿಫಾ ಗುರುತಿಸಿದಳು. ಆ ಪೆಟ್ಟಿಗೆಯೊಳಗೆ ಉರಿಯುವುದು ಬೆಂಕಿ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ.

“ನನ್ನ ಬೆಸುಗಿನೇ ಕರಗಿ ಬಿದ್ದದ,” ಅವನ ದನಿ ಕುಸಿಯಿತು. “ಛೋಡೋ. ಇದು ನನ್ನಿಂದ ಆಗೂದಲ್ಲ. ನಾಳೆ ಅಜ್ಜಾರಿಗೆ ವಾಪಸ್ ಕೊಟ್ಟಬಿಡ್ತೀನಿ.” ರಟ್ಟಿನ ಡಬ್ಬಿ ಎಳೆದುಕೊಂಡ. “ಇನ್ಮ್ಯಾಲ ಪ್ರತಿ ಸಂಡೇ ನಿಮಗೂ ತ್ರಾಸಿಲ್ಲ.”

ಪ್ರತಿ ಸಂಡೇ.

ಹೇಳಬೇಕು. ಹೇಳದಿದ್ದರೆ ತನ್ನ ತಪ್ಪನ್ನು ಅವನು ಹೊತ್ತುಕೊಂಡು ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಹೇಳಿದರೆ, ಯಾಕೆ ಎಂದು ಕೇಳುತ್ತಾನೆ. ಡೈರಿಯಲ್ಲಿ ನಾಲ್ಕು ಪುಟವಾಗಿದ್ದ ಮಾತು ನಾಲಿಗೆಯ ಮೇಲೆ ಒಂದಕ್ಷರವೂ ಆಗಲೊಲ್ಲದು.

ನಾಲಿಗೆ ಬಾರದಿದ್ದರೇನು, ಕೈ ಬಂತು. ಡಬ್ಬಿಗೆ ಇಳಿಯುತ್ತಿದ್ದ ಇಂಜಿನ್ನನ್ನು ಬಟ್ಟೆಯಲ್ಲಿ ಹಿಡಿದು ತನ್ನತ್ತ ಎಳೆದುಕೊಂಡಳು. ನಾಲ್ಕು ಸ್ಕ್ರೂ ಬಿಚ್ಚಿದಳು. ಫೈರ್‌ಬಾಕ್ಸ್ ಕಳಚಿ ಅದರ ಒಳಮೈಯನ್ನು ಬೆಳಕಿಗೆ ಹಿಡಿದಳು.

ಎಂಟು ತಿಂಗಳು ಆ ಅಂಗಡಿಯಲ್ಲಿ ಕೂತವನಿಗೆ ಹೇಳಿಕೊಡಬೇಕಿರಲಿಲ್ಲ.

“ಕಲಾಯಿ! ಚಾಚಾ ಹಾಕಿದ್ರೇನು?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಮತ್ತ... ನೀವಾ?”

ಓಢಣಿಯ ಅಂಚು ಬೆರಳಿಗೆ ಸುತ್ತಿಕೊಂಡಿತು. ಅದೇ ಉತ್ತರ.

“ಯಾ ಅಲ್ಲಾ! ಇದರೊಳಗ ಬಿರ್ಯಾನಿ ಮಾಡಾವ್ರ ಇದ್ರೇನ್ರೀ?”

ಅವನು ನಕ್ಕ. ತಡೆಯಲಾರದೆ ಅವಳೂ ಓಢಣಿ ಬಾಯಿಗೊತ್ತಿ ನಕ್ಕಳು. “ಅಂದ್ರ ನನ್ನ ಬೆಸುಗಿ ಪಕ್ಕಾ ಅದ! ಇದನ್ನ ಕೆರದು ತಗದ್ರ ಗುರುವಾರ ಓಡೇ ಓಡ್ತದ!” ಎನ್ನುತ್ತ ಅವನು ತವರದ ಗುಂಡುಗಳನ್ನು ಬತ್ತಿಯಿಂದ ಕಿತ್ತು ಅಂಗೈಯಲ್ಲಿ ಉರುಳಿಸಿದ. ಒಂದು, ಎರಡು, ಐದು, ಒಂಬತ್ತು. ಉರುಳಿಸುತ್ತಲೇ ಅವನ ನಗೆ ಮೆಲ್ಲಗೆ ನಿಂತಿತು. ಏನೋ ನೆನಪಾದವನಂತೆ ಫೈರ್‌ಬಾಕ್ಸಿನ ಗೋಡೆಯನ್ನು ಉಗುರಿನಿಂದ ಕೆರೆದು ನೋಡಿದ.

“ಆರಿಫಾ,” ಅಂದ. ಬರೀ ಹೆಸರು ಹಿಡಿದು ಅವನು ಕರೆದದ್ದು ಅದೇ ಮೊದಲು. “ಒಂದ ಸಲ ಹಾಕಿದ್ರ ಇಷ್ಟೊಂದು ತವರ ಇಳಿಯೂದಿಲ್ಲ. ಎಷ್ಟ ಸಲ ಹಾಕಿದ್ರಿ?”

ಅಡುಗೆಮನೆಯಲ್ಲಿ ಅಮ್ಮಿಯ ಮಸಾಲೆ ಕುಟ್ಟುವ ಸದ್ದು ನಿಂತಿತು. ಅವನು ಈಗ ಕಳ್ಳನೋಟ ಬಿಟ್ಟು ನೇರ ಅವಳನ್ನೇ ನೋಡುತ್ತಿದ್ದ. ಅವಳೂ ತಾಟಿನ ಕಡೆ ಕಣ್ಣು ಹೊರಳಿಸಲಿಲ್ಲ. ಮುಖ ಎತ್ತಿದಳು.

“ಎರಡ ಸಲ,” ಎಂದಳು, ಅಡುಗೆಮನೆಗೂ ಕೇಳುವಷ್ಟು ಸ್ಪಷ್ಟವಾಗಿ.