ಗುನುಗುವ ಹಲ್ಲು

ಕೇತಮ್ಮನ ಕೆಳದವಡೆಯ ಹಲ್ಲಿಗೆ ಮಜ್ಜೆಗಾವಲು ಎಂಬ ಅಕ್ಕಿಕಾಳಿನಷ್ಟು ದಪ್ಪದ ಯಂತ್ರವನ್ನು ಅಂಟಿಸಿ ದಂತವೈದ್ಯೆ ವನಮಾಲಾ ಗುಂಡಿ ಒತ್ತಿದರು. ಹಲ್ಲಿನ ಒಳಗಿನ ರಕ್ತ ಪರದೆಯ ಮೇಲೆ ಹರಿಯತೊಡಗಿತು. ದುಂಡು ಕಣಗಳ ನಡುವೆ ಅಲ್ಲಲ್ಲಿ ಬಾಗಿದ ಕಣಗಳು.

“ಹುಳುಕೇ ಇಲ್ಲ. ಆದರೂ ಹಲ್ಲು ಸಾಯುವ ದಾರಿಯಲ್ಲಿದೆ.”

“ಹಲ್ಲೂ ಸಾಯ್ತದಾ ಮೇಡಂ? ತಿಥಿನೂ ಮಾಡ್ಬೇಕಾ?” ಕೇತಮ್ಮ ನಕ್ಕಳು. ಇಪ್ಪತ್ತಾರು ವರ್ಷಕ್ಕೇ ಎರಡು ಹಲ್ಲು ಕೀಳಿಸಿದ್ದವಳ ನಗು ಅದು.

ಬಿಳಿಗಿರಿಬೆಟ್ಟದ ಸೋಲಿಗರ ಈ ಹೆಣ್ಣುಮಗಳು ಕುಡುಗೋಲು ಕಣ, ಅಂದರೆ ಸಿಕಲ್ ಸೆಲ್ ರೋಗದ ವಾಹಕಿ. ದೋಷವುಳ್ಳ ವಂಶವಾಹಿ ಬಂದಿದ್ದು ತಂದೆಯಿಂದ ಮಾತ್ರ. ತಾಯಿಯಿಂದ ಬಂದದ್ದು ಸರಿಯಾಗಿತ್ತು. ಇಂಥವರಲ್ಲಿ ಬಹುಪಾಲು ಜನರಿಗೆ ಬದುಕಿಡೀ ಏನೂ ಆಗುವುದಿಲ್ಲ. ಆದರೆ ಮೈಯಲ್ಲಿ ನೀರು ತೀರಾ ಕಡಿಮೆಯಾದರೆ ಕೆಲವರ ರಕ್ತಕಣಗಳು ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳಬಹುದು. ಹಲ್ಲಿನ ಮಜ್ಜೆಗೆ ರಕ್ತ ನುಗ್ಗುವುದು ಬೇರಿನ ತುದಿಯ ಸೂಜಿಕಣ್ಣಿನಂಥ ರಂಧ್ರದಿಂದ. ಅಲ್ಲಿ ಕಟ್ಟಿಕೊಂಡರೆ ಹಲ್ಲಿಗೆ ಉಸಿರಿಲ್ಲ. ಕಣಗಳು ಬಾಗತೊಡಗಿದ ಕೂಡಲೇ ಕಾವಲು ಗುನುಗುತ್ತದೆ. ನೀರು ಕುಡಿದರೆ ಸ್ವಲ್ಪ ಹೊತ್ತಿನಲ್ಲಿ ಸುಮ್ಮನಾಗುತ್ತದೆ.

“ನೀರು ಕುಡಿಯೋದೇ ಇಲ್ವಾ ನೀನು?”

“ಕುಡುದ್ರೆ ಎದ್ದೋಗ್ಬೇಕಲ್ಲ ಮೇಡಂ. ಎದ್ರೆ ನಮ್ಮ ಸೂಪರ್‌ವೈಸರು ಗಡಿಯಾರ ನೋಡ್ತರೆ.”

ಕೇತಮ್ಮ ಚಾಮರಾಜನಗರದ ಹೊರಗಿನ ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುತ್ತಿದ್ದಳು. ಯಾರದೇ ದೇಹದಲ್ಲಿರುವ ಇಂಥ ಕಾವಲು ಸದ್ದು ಮಾಡಿದರೂ ಆ ಸಾಲಿನ ಹೊಲಿಗೆ ಯಂತ್ರಗಳು ತಾವಾಗಿ ಐದು ನಿಮಿಷ ನಿಲ್ಲಬೇಕೆಂಬುದು ಆ ಕಾಲದ ಕಾನೂನು. ಯಂತ್ರಗಳಿಗೆ ಆ ಸದ್ದು ಹಿಡಿಯುವ ಕಿವಿ ಇಟ್ಟಿದ್ದರು.

ಎರಡು ತಿಂಗಳಾದ ಮೇಲೆ ಸೂಪರ್‌ವೈಸರ್ ರುದ್ರೇಶ ವೈದ್ಯೆಯನ್ನು ಕಾರ್ಖಾನೆಗೇ ಕರೆಸಿಕೊಂಡ.

“ದಿನಕ್ಕೆ ನಾಲ್ಕು ಸಲ ಕೂಗ್ತದೆ ಮೇಡಂ ಇವಳ ಹಲ್ಲು! ರೋಗ ಜಾಸ್ತಿಯಾಗಿದ್ರೆ ಬರ್ಕೊಡಿ, ಮನೆಗೆ ಕಳಿಸ್ತೀವಿ.”

ಕೇತಮ್ಮನ ಮುಖ ಬಿಳಿಚಿಕೊಂಡಿತು. ವನಮಾಲಾ ಅವಳನ್ನು ಯಂತ್ರದ ಮುಂದೆಯೇ ಕೂರಿಸಿ ಬಾಯಿ ಅಗಲಿಸಿದರು. ಕಾವಲನ್ನು ಬಿಡಿಸಿ ಅಂಗೈಯಲ್ಲಿಟ್ಟು ಅದರ ನೆನಪನ್ನು ಓದಿದರು. ಮೊದಲ ವಾರ ಹನ್ನೊಂದು ಸಲ ಗುನುಗಿತ್ತು. ಆಮೇಲೆ ಒಮ್ಮೆಯೂ ಇಲ್ಲ. ಇನ್ನೊಮ್ಮೆ ಓದಿದರು. ಇಲ್ಲ.

ಅಷ್ಟರಲ್ಲಿ ಎಲ್ಲಿಂದಲೋ “ಮ್ಮ್ಮ್ಮ್…” ಎಂದಿತು.

ಸಾಲಿನ ಮೂವತ್ತು ಸೂಜಿಗಳೂ ನಿಂತವು. ಕೇತಮ್ಮನ ಬಾಯಿ ಇನ್ನೂ ಅಗಲವಾಗಿ ತೆರೆದೇ ಇತ್ತು, ಕಾವಲು ವೈದ್ಯೆಯ ಅಂಗೈಯಲ್ಲಿತ್ತು. ಹೆಂಗಸರು ಬಾಟಲಿ ಎತ್ತಿ ಗಟಗಟ ಕುಡಿದರು. ಕೆಲವರು ಆತುರವಿಲ್ಲದೆ ಶೌಚಾಲಯದ ಕಡೆ ನಡೆದರು.

ರುದ್ರೇಶ ಒಂದೊಂದೇ ಮುಖ ನೋಡುತ್ತ ಹೋದ. ತುಟಿಗಳೆಲ್ಲ ಬಿಗಿದಿದ್ದವು.

ವನಮಾಲಾ ಒಂದೊಂದು ಪದವನ್ನೂ ತೂಗಿ ಬರೆದರು: “ಕಾವಲು ಕೆಟ್ಟಿಲ್ಲ. ಹಲ್ಲು ಉಳಿದಿದೆ. ಸದ್ದು ಕೇತಮ್ಮನದಲ್ಲ.”

“ಮತ್ತ್ಯಾರ್ದು ಮೇಡಂ?”

“ಅದನ್ನ ನನ್ನ ಕೇಳಿದರೆ ಹೇಗೆ? ನಾನು ಹಲ್ಲಿನ ಡಾಕ್ಟರು, ಗಂಟಲಿನದಲ್ಲ.”