ಚೆಲ್ಲದ ಚಹಾ

"ಕಣ್ಣ ಮುಚ್ಚಬ್ಯಾಡ ಲೇ ಪ್ರೇಮ್ಯಾ! ಅಕ್ಕನ ಮ್ಯಾಲೆ ನಂಬಿಕಿ ಇಲ್ಲೇನು?"

"ಇಲ್ಲ!" ಎಂದ ಪ್ರೇಮಕುಮಾರ.

ಅವನ ತಲೆಯಿಂದ ಗೇಣೆತ್ತರದಲ್ಲಿ ಅಕ್ಕ ಪ್ರಜ್ಞಾ ತುಂಬಿದ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಚಹಾದ ಮೇಲೆ ಕೆನೆ ಕಟ್ಟಿತ್ತು. ಈಗಷ್ಟೇ ಒಂದು ನೊಣ ಅದರ ಮೇಲೆ ಕೂತು, ಕಾಲು ಉಜ್ಜಿಕೊಂಡು, ಇದರಲ್ಲೇನೋ ಮೋಸವಿದೆ ಎಂದು ಹಾರಿಹೋಗಿತ್ತು.

ಪ್ರಜ್ಞಾ ಕಪ್ಪನ್ನು ಬೋರಲು ಮಾಡಿದಳು.

"ಯವ್ವಾ, ಸತ್ತೆ!" ಎಂದು ಪ್ರೇಮಕುಮಾರ ತಲೆ ಮುಚ್ಚಿಕೊಂಡ. ಒಂದು ಹನಿಯೂ ಬೀಳಲಿಲ್ಲ. ಬೆರಳ ಸಂದಿಯಿಂದ ಮೇಲೆ ನೋಡಿದ. ಚಹಾ ತಲೆಕೆಳಗಾಗಿ ಕಪ್ಪಿನೊಳಗೆ ಹಾಯಾಗಿ ಕೂತಿತ್ತು.

"ಅಬಾಬಾ! ಏನ್ ಮ್ಯಾಜಿಕ್ ಇದು?"

"ಚೈನಾ ಗ್ರಾಸ್," ಎಂದಳು ಪ್ರಜ್ಞಾ ಗತ್ತಿನಿಂದ.

ಮೊದಲು ಅವಳು ಬಿಳಿ ಗಮ್ಮಿಗೆ ಕಂದು ಬಣ್ಣ ಕಲಸಿ ಕಪ್ಪಿಗೆ ಸುರಿದಿದ್ದಳು. ಗಮ್ಮು ಒಣಗಲಿಲ್ಲ, ಅವ್ವನ ಹೊಸ ಕಪ್ಪು ಹಾಳಾಯಿತು, ಬೆನ್ನಿಗೆ ಗುದ್ದು ಬಿತ್ತು. ಆಮೇಲೆ ಗೆಳತಿ ನಸ್ರೀನ್ ಒಂದು ಉಪಾಯ ಹೇಳಿದಳು. ಅವರ ಮನೆಯಲ್ಲಿ ರಂಜಾನಿಗೆ ಹಾಲಿನಲ್ಲಿ ಚೈನಾ ಗ್ರಾಸ್ ಕುದಿಸಿ ಆರಲು ಬಿಡುತ್ತಾರೆ. ಆರಿದ ಮೇಲೆ ಹಾಲು ಗಟ್ಟಿಯಾಗುತ್ತದೆ. ಹಾಲು ಗಟ್ಟಿಯಾಗುವುದಾದರೆ ಚಹಾಕ್ಕೇನು ಧಾಡಿ?

ಇಷ್ಟೆಲ್ಲ ಸರ್ಕಸ್ಸು ಶಾಲೆಯ ವಾರ್ಷಿಕ ಗ್ಯಾದರಿಂಗಿನ ಫ್ಯಾನ್ಸಿ ಡ್ರೆಸ್ ಸ್ಪರ್ಧೆಗಾಗಿ. ಹೋದ ವರ್ಷ ಅವಳ ಕ್ಲಾಸಿನ ಧರ್ಮರಾಜ ಹಾಲು ಮಾರುವವನಾಗಿ ಬಂದು ಕ್ಯಾನು ಚೆಲ್ಲಿದ್ದ. ಹಾಲು ತಾಗಿ ಮೈಕಿನ ವೈರು ಢಬ್ ಎಂದು ಮೈಕು ಸತ್ತಿತ್ತು. ಜನ ಅದನ್ನೂ ನಾಟಕವೆಂದೇ ತಿಳಿದು ಚಪ್ಪಾಳೆ ತಟ್ಟಿದ್ದರು, ಫಸ್ಟ್ ಪ್ರೈಜು ಅವನಿಗೇ ಹೋಗಿತ್ತು!

"ಈ ಸಲ ಸ್ಟೇಜ್ ಮ್ಯಾಲೆ ಒಂದ ಹನಿ ಬಿದ್ರೂ ಔಟ್," ಎಂದು ವಿದ್ಯಾವತಿ ಟೀಚರ್ ಹೇಳಿಬಿಟ್ಟಿದ್ದರು.

ಆದರೆ ಪ್ರಜ್ಞಾ ಮಾಡಬೇಕೆಂದಿದ್ದದ್ದು ಚಹಾ ಕುಡಿಯುವ ಮುದುಕಿಯ ವೇಷ. ಚಹಾ ಇಲ್ಲದೆ ಅದು ಹೇಗೆ ನಡೆದೀತು? ಮುದುಕಿಯನ್ನು ಹುಡುಕಲು ಅವಳು ದೂರ ಹೋಗಬೇಕಿರಲಿಲ್ಲ. ಮನೆಯಲ್ಲೇ ಅವಳ ಅಜ್ಜಿ ಸೀತವ್ವ ಆಯಿ ಇದ್ದಳು.

ಆಯಿ ಚಹಾವನ್ನು ಕಪ್ಪಿನ ಕೆಳಗಿನ ಬಶಿಗೆ ಸುರಿದು, ಉಫ್ ಎಂದು ಊದಿ, ಸುರ್ರ್ ಎಂದು ಎಳೆದರೆ ಓಣಿಯ ನಾಯಿ ಎದ್ದು ಕೂಡುತ್ತಿತ್ತು. ಅದೆಲ್ಲ ಮೊದಲಿನ ಮಾತು. ಈಗ ಅವಳ ಕೈ ನಡುಗುತ್ತದೆ. ಗೊಳಸಂಗಿಯಲ್ಲಿ ಒಂದು ಮದುವೆ ನಿಶ್ಚಯಕ್ಕೆ ಹೋದಾಗ ಬೀಗರ ಬಿಳಿ ಧೋತರದ ಮೇಲೆ ಚಹಾ ಚೆಲ್ಲಿ, ಯಾರೋ ಕಿಸಕ್ಕೆಂದು ನಕ್ಕಿದ್ದರು. ಅಂದಿನಿಂದ ಯಾರು ಚಹಾ ಕೊಟ್ಟರೂ ಆಯಿಯದು ಒಂದೇ ಮಾತು: "ನಾ ಚಾ ಬಿಟ್ಟೇನ್ರಿ." ಮನೆಯಲ್ಲಿ ಮಾತ್ರ ಅಡುಗೆಮನೆಯ ಗೋಡೆಗೆ ಮುಖ ಮಾಡಿ ಸ್ಟೀಲ್ ಲೋಟದಲ್ಲಿ ಕುಡಿಯುತ್ತಿದ್ದಳು.

ಪ್ರಜ್ಞಾ ತನ್ನ ವೇಷಕ್ಕೆ ಆ ನಡುಕವನ್ನೇ ಎತ್ತಿಕೊಂಡಿದ್ದಳು. ಚಹಾ ಚೆಲ್ಲುವುದಿಲ್ಲವಲ್ಲ, ಎಷ್ಟು ಬೇಕಾದರೂ ನಡುಗಿಸಬಹುದು! ಪ್ರಾಕ್ಟೀಸಿನಲ್ಲಿ ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತ್ತು. ಈ ಸಲ ಫಸ್ಟ್ ಪ್ರೈಜು ತನಗೇ ಎಂದು ಅವಳಿಗೆ ಗ್ಯಾರಂಟಿಯಾಗಿತ್ತು.

"ನೀ ಬರಬ್ಯಾಡ ಆಯಿ. ಸ್ಪೀಕರ್ ಸಪ್ಪಳಕ್ಕ ತಲಿ ಸಿಡಿತೈತಿ," ಎಂದಿದ್ದಳು.

"ಆತ ಬಿಡು," ಎಂದಿದ್ದಳು ಆಯಿ.

ಗ್ಯಾದರಿಂಗಿನ ದಿನ ಪ್ರಜ್ಞಾ ಕಪ್ಪು ಬಶಿ ಹಿಡಿದು, ಬೆನ್ನು ಬಾಗಿಸಿ ಸ್ಟೇಜಿಗೆ ಬಂದಳು. ನೋಡಿದರೆ, "ಆತ ಬಿಡು" ಎಂದ ಆಯಿ ಮೊದಲ ಸಾಲಿನಲ್ಲೇ ಕೂತಿದ್ದಾಳೆ! ಪಕ್ಕದಲ್ಲಿ ಪ್ರೇಮಕುಮಾರ ಹಲ್ಲು ಕಿಸಿಯುತ್ತಿದ್ದ. ಕರೆದುಕೊಂಡು ಬಂದವನು ಅವನೇ. ಚಹಾದ ಕಪ್ಪಿನ ಸೇಡು ತೀರಿಸಿಕೊಂಡಿದ್ದ.

ಆಯಿಯ ಎರಡೂ ಕೈ ಸೆರಗಿನೊಳಗಿದ್ದವು.

ಕೈ ನಡುಗಿಸಿದರೆ ಎಲ್ಲರೂ ನಗುತ್ತಾರೆ. ಆಯಿಯ ಮುಂದೆಯೇ ನಗುತ್ತಾರೆ. ಪ್ರಜ್ಞಾ ಕಪ್ಪು ಹಿಡಿದು ಸುಮ್ಮನೆ ನಿಂತುಬಿಟ್ಟಳು.

"ನಡಗಸಬೇ, ನಡಗಸ!" ಎಂದು ಪರದೆಯ ಹಿಂದಿನಿಂದ ಧರ್ಮರಾಜ ಪಿಸುಗುಟ್ಟಿದ. ಈ ಸಲ ಅವನು ಮೈತುಂಬ ಪೈಪು ಕಟ್ಟಿಕೊಂಡು ಬೋರ್‌ವೆಲ್ ಆಗಿದ್ದ.

ಪ್ರಜ್ಞಾ ಅಲ್ಲಾಡಲಿಲ್ಲ. ಜನ ಗುಸುಗುಸು ಶುರುಮಾಡಿದರು.

ಅಷ್ಟರಲ್ಲಿ ಆಯಿ ಎದ್ದು ನಿಂತಳು.

"ಏ ಹುಡುಗಿ! ನನ್ನ ಇಳಕಲ್ ಸೀರಿ ಉಟಗೊಂಡೀದಿ, ನನ್ನ ಚಷ್ಮಾ ಹಾಕ್ಕೊಂಡೀದಿ. ಕೈ ಅಷ್ಟ ಯಾರದು ತಂದಿ?"

ಎಲ್ಲರೂ ತಿರುಗಿ ನೋಡಿದರು. ಆಯಿ ಸೆರಗಿನಿಂದ ಬಲಗೈ ಹೊರತೆಗೆದು ಮೇಲೆತ್ತಿದಳು. ಕೈ ನಡುಗುತ್ತಿತ್ತು.

"ನನ್ನ ಕೈ ಹಂಗ ಸುಮ್ಮ ಇರ್ತಾವೇನು? ಹಿಂಗ ನೋಡು, ಹಿಂಗ!"

ಮೊದಲು ನಕ್ಕವಳು ಆಯಿಯೇ. ಆಮೇಲೆ ಎಲ್ಲರೂ ನಕ್ಕರು. ಪ್ರಜ್ಞಾಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವಳು ಕಪ್ಪು ಗಡಗಡ ನಡುಗಿಸಿ, ಬಶಿಗೆ ಸುರಿಯಲು ಹೋದಳು. ಚಹಾ ಬರಲಿಲ್ಲ. ಕಪ್ಪಿನೊಳಗೆ ಇಣುಕಿದಳು, ತಳಕ್ಕೆ ತಟ್ಟಿದಳು, ಕೊನೆಗೆ ಜನರ ಕಡೆ ಬೋರಲು ಹಿಡಿದು ಝಾಡಿಸಿದಳು. ಮೊದಲ ಸಾಲು ಹೋ ಎಂದು ಹಿಂದೆ ಸರಿಯಿತು. ವಿದ್ಯಾವತಿ ಟೀಚರ್ "ಅಯ್ಯ, ವೈರು!" ಎಂದು ಕಣ್ಣು ಮುಚ್ಚಿಕೊಂಡರು.

ಆದರೂ ಫಸ್ಟ್ ಪ್ರೈಜು ಬೋರ್‌ವೆಲ್ಲಿಗೇ ಹೋಯಿತು. ಪ್ರಜ್ಞಾಗೆ ಸೆಕೆಂಡ್.

"ಕೆಳಗ ಕುಂತವ್ರು ಹೇಳಿಕೊಡೂದು ರೂಲ್ಸಿನಾಗ ಇಲ್ಲ," ಎಂದರು ಟೀಚರ್.

"ಹಂಗಿದ್ರ ಫಸ್ಟ್ ನನಗ ಕೊಡ್ರಿ," ಎಂದಳು ಆಯಿ.

ಕಾರ್ಯಕ್ರಮ ಮುಗಿದ ಮೇಲೆ ಬಿಸಿಯೂಟದ ಬಾಳಮ್ಮ ಎಲ್ಲರಿಗೂ ಪೇಪರ್ ಕಪ್ಪಿನಲ್ಲಿ ಚಹಾ ತಂದರು.

"ನಾ ಚಾ ಬಿ..." ಎಂದ ಆಯಿ ಅಲ್ಲಿಗೇ ನಿಲ್ಲಿಸಿದಳು. "ಕೊಡ್ರಿ, ಕೊಡ್ರಿ. ಇನ್ನ ಮುಚ್ಚಿಡೂದು ಏನ ಉಳದೈತಿ?"

ಕಪ್ಪು ಕೈಗೆ ಬಂದದ್ದೇ ನಡುಗತೊಡಗಿತು. ಪ್ರಜ್ಞಾ ಚೀಲದಿಂದ ತನ್ನ ಬಶಿ ತೆಗೆದು ಅದರ ಕೆಳಗೆ ಹಿಡಿದಳು.

"ಆಯಿ, ಸಿಟ್ಟ ಬಂತೇನು?"

"ಬಂತು. ಚಾ ಕುಡ್ಯಾಕ ಬಿಡು ಮೊದಲ, ಆಮ್ಯಾಲೆ ಬೈತೇನಿ."

ಪ್ರಜ್ಞಾ ಆ ಕೈಯನ್ನೇ ನೋಡಿದಳು. ಸ್ಟೇಜಿನ ಮೇಲೆ ತಾನು ಹಿಟ್ಟು ಜರಡಿ ಹಿಡಿದಂತೆ ಇಡೀ ತೋಳು ಆಡಿಸಿದ್ದಳು. ಆಯಿಯದು ಹಾಗಿರಲಿಲ್ಲ. ಸಣ್ಣಗೆ, ಬಿಡದೆ ನಡುಗುತ್ತಿತ್ತು. ಆಯಿ ಬೆರಳು ಬಿಗಿಹಿಡಿದರೆ ಇನ್ನೂ ಜಾಸ್ತಿಯಾಗುತ್ತಿತ್ತು. ಕಪ್ಪು ಅತ್ತ ಹೋದರೆ ಪ್ರಜ್ಞಾ ಬಶಿಯನ್ನು ಅತ್ತ ತಂದಳು, ಇತ್ತ ಬಂದರೆ ಇತ್ತ.

ಚೆಲ್ಲಿದ್ದೆಲ್ಲ ಬಶಿಗೇ ಬಿತ್ತು. ಕಪ್ಪು ಖಾಲಿಯಾದ ಮೇಲೆ ಅವಳು ಬಶಿಯನ್ನು ಎತ್ತಿ ಆಯಿಯ ಬಾಯಿಗೆ ಹಿಡಿದಳು.

ಆಯಿ ಸುರ್ರ್ ಎಂದು ಎಳೆದಳು. ಕುರ್ಚಿ ಎತ್ತಿಡುತ್ತಿದ್ದ ಹುಡುಗರು ಕೂಡ ತಿರುಗಿ ನೋಡಿದರು. ಯಾರು ನಗುತ್ತಿದ್ದಾರೆ ಎಂದು ಪ್ರಜ್ಞಾ ನೋಡಲಿಲ್ಲ. ಬಶಿಯಲ್ಲಿ ಇನ್ನೂ ಒಂದು ಗುಟುಕು ಉಳಿದಿತ್ತು.